ಆಕಳಿಸಿದ್ದು ನಿದ್ದೆ ಬಂದು ಅಲ್ಲ

"ಬನ್ನಿ ಬನ್ನಿ, ಇದು ಏನೂ ಮಾಡಲ್ಲ, ತುಂಬಾ ಪಾಪದ್ದು." ನಾಯಿ ಸಾಕಿದವರ ಮನೆ ಬಾಗಿಲಲ್ಲಿ ಈ ಮಾತು ಕೇಳದವರು ಯಾರಿದ್ದಾರೆ? ಮುಂದಿನ ಸಲ ಇದು ಕಿವಿಗೆ ಬಿದ್ದಾಗ ಹೇಳುವವರ ಮುಖ ಬಿಟ್ಟು ನಾಯಿಯ ಮುಖ ನೋಡಿ. ಬಂದವರು ಬಗ್ಗಿ ತಲೆ ಸವರುತ್ತಿರುತ್ತಾರೆ, ಮನೆಯವರು ಹೆಮ್ಮೆಯಿಂದ ನಿಂತಿರುತ್ತಾರೆ, ನಾಯಿ ಮಾತ್ರ ಮುಖ ಪಕ್ಕಕ್ಕೆ ತಿರುಗಿಸಿ, ಕಿವಿಗಳನ್ನು ತಲೆಗೆ ಅಂಟಿಸಿಕೊಂಡು, ಇದು ಯಾವಾಗ ಮುಗಿಯುತ್ತೋ ಅಂತ ಕಾಯುತ್ತಿರುತ್ತದೆ. ಕಚ್ಚಲಿಲ್ಲ, ಬೊಗಳಲಿಲ್ಲ, ಕದಲಲಿಲ್ಲ. ಹಾಗಾಗಿ ಅದು ಒಳ್ಳೆ ನಾಯಿ.

ನನ್ನ ತಕರಾರು ಇರುವುದು ಇಲ್ಲೇ. ಗಲಾಟೆ ಮಾಡುವ ನಾಯಿಯ ಕಷ್ಟ ಬೀದಿಗೆಲ್ಲ ಗೊತ್ತಾಗುತ್ತದೆ. ಸಹಿಸಿಕೊಂಡು ಸುಮ್ನೆ ಕೂತ ನಾಯಿಯ ಕಷ್ಟ ಮನೆಯವರಿಗೂ ಗೊತ್ತಾಗುವುದಿಲ್ಲ. ಆಮೇಲೆ ಒಂದು ದಿನ ಅದು ಯಾರಿಗೋ ಬಾಯಿ ಹಾಕಿದಾಗ "ಇದ್ದಕ್ಕಿದ್ದ ಹಾಗೆ ಕಚ್ಚಿಬಿಡ್ತು" ಅಂತೇವೆ. ಇದ್ದಕ್ಕಿದ್ದ ಹಾಗೆ ಕಚ್ಚುವ ನಾಯಿ ಬಹಳ ಕಮ್ಮಿ. ಅದು ಮೊದಲಿಂದ ಹೇಳುತ್ತಲೇ ಬಂದಿರುತ್ತದೆ, ನೋಡುವವರು ಇರಲಿಲ್ಲ ಅಷ್ಟೇ.

ನಮ್ಮನೆಯವಳ ಹೆಸರು ಕೆಂಚಿ. ಬೀದಿಯಿಂದ ಬಂದವಳು, ಈಗ ಬನಶಂಕರಿಯ ಅಪಾರ್ಟ್‌ಮೆಂಟಿನಲ್ಲಿ ಸೋಫಾದ ಒಂದು ಮೂಲೆ ಅವಳದ್ದು. ಲಿಫ್ಟ್ ಅಂದ್ರೆ ಅವಳಿಗೆ ಆಗಲ್ಲ. ಆದರೆ ಲಿಫ್ಟಿನಲ್ಲಿ ಅವಳು ಒಂದು ದಿನವೂ ಗಲಾಟೆ ಮಾಡಿದವಳಲ್ಲ. ಒಳಗೆ ಹೋದ ತಕ್ಷಣ ಮೂಲೆ ಹಿಡಿದು ಹಿಂಭಾಗವನ್ನು ಗೋಡೆಗೆ ಒತ್ತಿಕೊಂಡು ನಿಲ್ಲುತ್ತಾಳೆ. ಕೆಳಗಿನ ಮಹಡಿಯಲ್ಲಿ ಬಾಗಿಲು ತೆರೆದು ತರಕಾರಿ ಚೀಲ ಹಿಡಿದ ಅಂಕಲ್ ಒಬ್ಬರು ಬರುತ್ತಾರೆ, "ಏನೇ ಕೆಂಚಿ" ಅಂತ ನೇರ ತಲೆ ಮೇಲೆ ಕೈ ಇಡುತ್ತಾರೆ. ಆಗ ಮೊದಲು ಅವಳ ನಾಲಿಗೆ ಪಟ್ಟಂತ ಹೊರಗೆ ಬಂದು ಮೂಗಿನ ತುದಿ ಮುಟ್ಟಿ ಒಳಗೆ ಹೋಗುತ್ತದೆ. ಎಷ್ಟು ಬೇಗ ಅಂದ್ರೆ, ಕಣ್ಣು ಮಿಟುಕಿಸಿದರೆ ತಪ್ಪಿಹೋಗುತ್ತದೆ. ಆಮೇಲೆ ಮುಖ ಗೋಡೆ ಕಡೆ ತಿರುಗುತ್ತದೆ, ಕಣ್ಣು ಮಾತ್ರ ಆ ಕೈಯ ಮೇಲೇ ಇರುತ್ತದೆ. ಹಾಗಾಗಿ ಕಣ್ಣಿನ ಅಂಚಿನಲ್ಲಿ ಬಿಳಿ ಭಾಗ ಅರ್ಧಚಂದ್ರದ ಆಕಾರದಲ್ಲಿ ಕಾಣುತ್ತದೆ. ಕೊನೆಗೆ ಬಾಯಿ ಪೂರ್ತಿ ತೆಗೆದು, ಕೊನೆಯಲ್ಲಿ ಸಣ್ಣಗೆ ಕುಂಯ್ ಅಂತ ದನಿ ಬರುವ ಒಂದು ಆಕಳಿಕೆ. "ಅಯ್ಯೋ, ನಿದ್ದೆ ಬಂದಿದೆ ಪಾಪ" ಅನ್ನುತ್ತಾರೆ ಅಂಕಲ್. ರಾತ್ರಿಯಿಡೀ ಮಲಗಿ ಎದ್ದು ವಾಕಿಂಗ್‌ಗೆ ಹೊರಟವಳಿಗೆ ಎಲ್ಲಿಯ ನಿದ್ದೆ? ನೆಲಮಹಡಿ ಬಂದು ಬಾಗಿಲು ತೆರೆದ ಕೂಡಲೇ ಹೊರಗೆ ನುಗ್ಗಿ, ಮೈಯೆಲ್ಲ ಒಣಗಿದ್ದರೂ, ಕಿವಿಯಿಂದ ಬಾಲದವರೆಗೆ ಜೋರಾಗಿ ಒಮ್ಮೆ ಕೊಡವಿಕೊಳ್ಳುತ್ತಾಳೆ. ಅದಾದ ಮೇಲೆ ಸರಿ.

ನಾರ್ವೆಯಲ್ಲಿ ತುರಿದ್ ರೂಗೋಸ್ ಅಂತ ಒಬ್ಬ ನಾಯಿ ತರಬೇತುದಾರ್ತಿ ಇದ್ದಾರೆ. ನಾಲಿಗೆ ಚಾಚುವುದು, ಆಕಳಿಸುವುದು, ಮುಖ ತಿರುಗಿಸುವುದು, ಇದ್ದಕ್ಕಿದ್ದಂತೆ ನೆಲ ಮೂಸತೊಡಗುವುದು, ಇಂಥವನ್ನೆಲ್ಲ ಗಮನಿಸಿ ಒಟ್ಟುಗೂಡಿಸಿದವರು ಅವರು. ನಾಯಿ ತನ್ನನ್ನೂ ಎದುರಿನವರನ್ನೂ ಸಮಾಧಾನ ಮಾಡಲು ಬಳಸುವ ಸನ್ನೆಗಳು ಇವು ಅನ್ನುತ್ತಾರೆ. ಬೇಕಂತಲೇ ಮಾಡುವ ಸನ್ನೆಯೋ, ಒಳಗಿನ ಕಸಿವಿಸಿ ತಾನಾಗಿ ಹೊರಬರುವುದೋ ಅಂತ ವಿಜ್ಞಾನಿಗಳ ನಡುವೆ ಚರ್ಚೆ ಇದೆ. ಲಿಫ್ಟಿನಲ್ಲಿ ನಿಂತ ನನಗೆ ಆ ಚರ್ಚೆಯಿಂದ ಏನೂ ವ್ಯತ್ಯಾಸ ಆಗುವುದಿಲ್ಲ. ಎರಡರ ಅರ್ಥವೂ ಒಂದೇ, ಅವಳಿಗೆ ಹಿತವಾಗಿಲ್ಲ. ಈಗ ನಾನೇ ಮಧ್ಯೆ ನಿಂತು "ಅಂಕಲ್, ಅವಳಿಗೆ ಲಿಫ್ಟ್ ಅಂದ್ರೆ ಭಯ, ಹೊರಗೆ ಹೋದ್ಮೇಲೆ ಮಾತಾಡಿಸಿ" ಅನ್ನುತ್ತೇನೆ. ಅವರೇನೂ ಬೇಜಾರು ಮಾಡಿಕೊಂಡಿಲ್ಲ.

ಹಾಗಂತ ಆಕಳಿಸಿದ ನಾಯಿಯನ್ನೆಲ್ಲ ಹಿಡಿದು ಆತಂಕ ಅಂತ ಹಣೆಪಟ್ಟಿ ಹಚ್ಚಬೇಡಿ. ಮಧ್ಯಾಹ್ನ ಮಲಗಿ ಎದ್ದಾಗ ಆಕಳಿಸಿದರೆ ಅದು ಆಕಳಿಕೆಯೇ. ಊಟ ಆದಮೇಲೆ ತುಟಿ ನೆಕ್ಕಿದರೆ ಮೊಸರನ್ನ ಚೆನ್ನಾಗಿತ್ತು ಅಂತ. ಒಂದೇ ಗುರುತು ನೋಡಬಾರದು. ಆ ಹೊತ್ತಿನಲ್ಲಿ ಅಲ್ಲಿ ಏನು ನಡೀತಿದೆ, ಮೈ ಸಡಿಲ ಇದೆಯಾ ಬಿಗಿದಿದೆಯಾ, ಇನ್ನೇನೇನು ಜೊತೆಗೆ ಕಾಣ್ತಿದೆ ಅಂತ ಒಟ್ಟಿಗೆ ನೋಡಬೇಕು.

ಬ್ರಿಟನ್ನಿನ ಪಶುವೈದ್ಯೆ ಕೆಂಡಲ್ ಶೆಫರ್ಡ್ ಇದನ್ನೇ ಒಂದು ಏಣಿಯಾಗಿ ಜೋಡಿಸಿದ್ದಾರೆ. ತಳದ ಮೆಟ್ಟಿಲಲ್ಲಿ ಆಕಳಿಕೆ, ಕಣ್ಣು ಮಿಟುಕಿಸುವುದು, ಮೂಗು ನೆಕ್ಕುವುದು. ಅದರ ಮೇಲೆ ಮುಖ ತಿರುಗಿಸುವುದು, ಆಮೇಲೆ ಮೈ ತಿರುಗಿಸುವುದು, ಎದ್ದು ಹೋಗುವುದು, ಕಿವಿ ಹಿಂದಕ್ಕೆ ಮಡಚಿ ಕುಗ್ಗುವುದು, ಬಾಲ ಕಾಲಸಂದಿಗೆ ಸೇರಿಸಿ ಮುದುಡುವುದು, ಅಂಗಾತ ಬಿದ್ದು ಕಾಲೆತ್ತುವುದು, ಮೈ ಸೆಟೆಸಿ ದುರುಗುಟ್ಟಿ ನೋಡುವುದು. ಗುರ್ ಅನ್ನುವುದು ಇವೆಲ್ಲದರ ಮೇಲೆ. ಅದರ ಮೇಲೆ ಗಾಳಿಗೆ ಬಾಯಿ ಹಾಕುವುದು, ಕೊನೆಗೆ ಕಚ್ಚುವುದು. ಅಂಗಾತ ಬೀಳುವುದು ಅಷ್ಟು ಮೇಲೆ ಇದೆ, ಗಮನಿಸಿದಿರಾ? ಪರಿಚಯವೇ ಇಲ್ಲದವರ ಎದುರು ನಾಯಿ ಹೊಟ್ಟೆ ತೋರಿಸಿ ಮರದ ಕೊರಡಿನ ಹಾಗೆ ಬಿದ್ದುಕೊಂಡಿದ್ದರೆ ಅದು "ಹೊಟ್ಟೆ ಕೆರೆಯಿರಿ" ಅಂತ ಅಲ್ಲ. ಎಲ್ಲ ನಾಯಿಯೂ ಇದೇ ಕ್ರಮದಲ್ಲಿ ಒಂದೊಂದೇ ಮೆಟ್ಟಿಲು ಹತ್ತುವುದಿಲ್ಲ. ಕೆಳಗಿನ ಮೆಟ್ಟಿಲಲ್ಲಿ ಹೇಳಿದ್ದನ್ನು ಯಾರೂ ಕೇಳುವುದಿಲ್ಲ ಅಂತ ಕಲಿತ ನಾಯಿ ಕೆಳಗಿನದ್ದನ್ನೆಲ್ಲ ಬಿಟ್ಟು ನೇರ ಮೇಲಕ್ಕೇ ಹೋಗುತ್ತದೆ. ಗುರ್ ಅಂದಾಗ ಮೂತಿಗೆ ಹೊಡೆಯುವವರನ್ನು ಕಂಡರೆ ನನಗೆ ಮೈ ಉರಿಯುವುದು ಇದಕ್ಕೇ. ಹೆದರಿಕೆ ಹಾಗೇ ಉಳಿಯುತ್ತದೆ, ಮುನ್ಸೂಚನೆ ಮಾತ್ರ ಹೋಗುತ್ತದೆ.

ನಮ್ಮಲ್ಲಿ ಒಂದು ಗಾದೆ ಬೇರೆ ಇದೆ, ಬೊಗಳೋ ನಾಯಿ ಕಚ್ಚಲ್ಲ. ಗಾದೆ ಕಟ್ಟಿದವರು ಮನುಷ್ಯರನ್ನು ನೋಡಿ ಕಟ್ಟಿದ್ದಾರೆ, ಬಿಡಿ. ಹೆದರಿ ಬೊಗಳುವ ನಾಯಿಗೆ ಓಡಿಹೋಗಲು ದಾರಿ ಇಲ್ಲದಿದ್ದರೆ ಅದು ಖಂಡಿತ ಕಚ್ಚಬಹುದು. ಚೈನಿಗೆ ಕಟ್ಟಿದ ನಾಯಿ, ಮಂಚದ ಕೆಳಗೆ ಸೇರಿಕೊಂಡ ನಾಯಿ, ಕ್ಲಿನಿಕ್ಕಿನ ಮೂಲೆಯ ನಾಯಿ, ಯಾವುದಕ್ಕೂ ದಾರಿ ಇಲ್ಲ.

ಬಾಲದ ಬಗ್ಗೆಯೂ ಇಂಥದ್ದೇ ನಂಬಿಕೆ. ಅಲ್ಲಾಡಿಸಿದರೆ ಖುಷಿ, ಮುಗೀತು. ಬಾಲ ಅಲ್ಲಾಡುತ್ತಿದೆ ಅಂದ್ರೆ ಅದರ ಮನಸ್ಸು ಕಲಕಿದೆ ಅಂತ ಮಾತ್ರ ಹೇಳಬಹುದು. ಸೊಂಟ ಸಮೇತ ಸಡಿಲವಾಗಿ ಬೀಸುತ್ತಿದ್ದರೆ ಖುಷಿಯೇ. ತಗ್ಗಿಸಿ, ತುದಿ ಮಾತ್ರ ಚಕಚಕ ಆಡಿಸುತ್ತಿದ್ದರೆ ಅಳುಕು. ಮೇಲಕ್ಕೆ ಸೆಟೆಸಿ ಸಣ್ಣಗೆ ನಡುಗಿಸುತ್ತಿದ್ದರೆ ದೂರ ಇರುವುದು ಒಳ್ಳೆಯದು. ಇಟಲಿಯ ವಿಜ್ಞಾನಿಗಳು 2007ರಲ್ಲಿ ಇನ್ನೊಂದು ಸೋಜಿಗದ ಸಂಗತಿ ತೋರಿಸಿದರು. ತನ್ನವರನ್ನು ಕಂಡಾಗ ನಾಯಿಯ ಬಾಲ ಅದರ ಬಲಕ್ಕೆ ಜಾಸ್ತಿ ವಾಲುತ್ತದೆ, ಜೋರು ಮಾಡುವ ಅಪರಿಚಿತ ನಾಯಿಯನ್ನು ಕಂಡಾಗ ಎಡಕ್ಕೆ. 2013ರಲ್ಲಿ ಅದೇ ತಂಡ, ಎಡಕ್ಕೆ ವಾಲುವ ಬಾಲದ ವಿಡಿಯೋ ತೋರಿಸಿದಾಗ ನೋಡುತ್ತಿದ್ದ ನಾಯಿಗಳ ಎದೆಬಡಿತ ಏರಿದ್ದನ್ನೂ ದಾಖಲಿಸಿತು. ನಾನು ಕೆಂಚಿಯ ಹಿಂದೆ ನಿಂತು ಎಡವೋ ಬಲವೋ ಅಂತ ಬಹಳ ಹೊತ್ತು ನೋಡಿದ್ದೇನೆ. ಅವಳದ್ದು ಸುರುಳಿ ಬಾಲ, ಏನೂ ತಿಳಿಯಲಿಲ್ಲ.

ತಳಿಯಿಂದ ತಳಿಗೆ ಇದೆಲ್ಲ ಬದಲಾಗುತ್ತದೆ. ಬಾಗಲಕೋಟೆ ಕಡೆಯ ಮುಧೋಳ ನಾಯಿ ನಿಂತಿರುವುದೇ ಬಾಲ ಇಳಿಬಿಟ್ಟು, ಹೊಟ್ಟೆ ಒಳಗೆಳೆದುಕೊಂಡು, ಹೊಸಬರಿಂದ ಒಂದು ಮಾರು ದೂರ. ಅದರ ಸಹಜ ನಿಲುವೇ ಅದು, ಹೆದರಿದೆ ಅಂತಲ್ಲ. ಹಚ್ ಮೊಬೈಲ್ ಕಂಪನಿಯ ಹಳೆ ಜಾಹೀರಾತಿನಿಂದ ಮನೆಮಾತಾದ ಪಗ್ ಕಥೆ ಇನ್ನೂ ಕಷ್ಟ. ಮುಖವೆಲ್ಲ ಸುಕ್ಕು, ಬಾಲ ಸದಾ ಸುತ್ತಿಕೊಂಡಿರುತ್ತದೆ, ಉಸಿರಾಟ ಸದಾ ಗೊರಗೊರ. ಅದರ ಮುಖದಲ್ಲಿ ಓದುವುದೇನನ್ನು? ಹಾಗಾಗಿ ನಿಮ್ಮ ನಾಯಿ ನೆಮ್ಮದಿಯಾಗಿದ್ದಾಗ ಹೇಗಿರುತ್ತದೆ ಅನ್ನುವುದು ಮೊದಲು ಗೊತ್ತಿರಬೇಕು. ಅದು ಬೇರೆ ಯಾರಿಗೂ ಗೊತ್ತಿರಲು ಸಾಧ್ಯವಿಲ್ಲ.

ಬಾಯಿ ತೆಗೆದು ನಾಲಿಗೆ ಹೊರಗೆ ಹಾಕಿದ ನಾಯಿಯ ಫೋಟೋಗೆ "ನಗ್ತಿದೆ ನೋಡಿ" ಅಂತ ಬರೆಯುವವರು ತುಂಬಾ ಜನ. ನಿಜಕ್ಕೂ ಖುಷಿಯಾಗಿರಬಹುದು. ಆದರೆ ತುಟಿಯ ಎರಡು ಕೊನೆಗಳೂ ಕಿವಿಯ ಕಡೆಗೆ ಬಿಗಿಯಾಗಿ ಎಳೆದಿದ್ದು, ಕಣ್ಣಿನ ಸುತ್ತ ಗೆರೆ ಬಿದ್ದು, ಕಿವಿ ಹಿಂದಕ್ಕೆ ಹೋಗಿದ್ದರೆ ಅದು ನಗು ಅಲ್ಲ. ಓಡಾಡಿ ಬಂದ ನಾಯಿ, ಏಪ್ರಿಲ್ ಸೆಕೆಯ ನಾಯಿ ಏದುಸಿರು ಬಿಡುವುದು ಸಹಜ. ಡಿಸೆಂಬರ್ ರಾತ್ರಿ ಫ್ಯಾನ್ ಕೂಡ ಹಾಕದ ಕೋಣೆಯಲ್ಲಿ ಸುಮ್ನೆ ಕೂತು ಏದುಸಿರು ಬಿಡುತ್ತಿದ್ದರೆ ಭಯ ಇರಬೇಕು, ಇಲ್ಲಾ ನೋವು.

ಕ್ಲಿನಿಕ್ಕಿಗೆ ಹೋದಾಗ ಇನ್ನೆರಡು ಗುರುತು ನೋಡಿ. ನಾಯಿಗೆ ಬೆವರು ಗ್ರಂಥಿ ಮುಖ್ಯವಾಗಿ ಇರುವುದು ಪಾದದ ಅಡಿಯಲ್ಲಿ. ಕೆಂಚಿಯನ್ನು ಪರೀಕ್ಷೆಯ ಸ್ಟೀಲ್ ಮೇಜಿನ ಮೇಲೆ ನಿಲ್ಲಿಸಿ ಇಳಿಸಿದರೆ ಅಲ್ಲಿ ನಾಲ್ಕು ಒದ್ದೆ ಹೆಜ್ಜೆಗುರುತು ಉಳಿದಿರುತ್ತದೆ. ಮಳೆ ಇಲ್ಲ, ನೀರು ತುಳಿದಿಲ್ಲ, ಬರೀ ಬೆವರು. ಜೊತೆಗೆ ಅಷ್ಟು ಹೊತ್ತಿನಲ್ಲಿ ಮೇಜಿನ ಮೇಲೆ ಉದುರಿದ ಕೂದಲು ಒಂದು ಹಿಡಿ. ಮನೆಯಲ್ಲಿ ಬಾಚಿದರೂ ಅಷ್ಟು ಬರುವುದಿಲ್ಲ. ಇನ್ನು ನನ್ನ ಪಾರ್ಲೆ-ಜಿ ಪರೀಕ್ಷೆ. ಮನೆಯಲ್ಲಿ ಪೊಟ್ಟಣದ ಸದ್ದಿಗೇ ಹಾರಿ ಬರುವವಳು ಕ್ಲಿನಿಕ್ಕಿನ ಗೇಟಿನ ಹತ್ತಿರ ಬಿಸ್ಕತ್ತು ಮೂಸಿಯೂ ನೋಡುವುದಿಲ್ಲ ಅಂದ್ರೆ ಭಯ ಎಷ್ಟಿರಬೇಕು ಲೆಕ್ಕ ಹಾಕಿ. ಅದಕ್ಕಿಂತ ಸ್ವಲ್ಪ ಕಮ್ಮಿ ಭಯ ಇದ್ದರೆ ತಿನ್ನುತ್ತಾಳೆ, ಆದರೆ ಬೆರಳು ಸಮೇತ ಕಸಿಯುವ ಹಾಗೆ. ತಿನ್ನುವ ಬಗೆಯಲ್ಲೇ ಒಳಗಿನದ್ದು ಗೊತ್ತಾಗುತ್ತದೆ.

ಮನೆಯೊಳಗಿನ ಸದ್ದುಗಳ ಬಗ್ಗೆ ಯಾರೂ ಜಾಸ್ತಿ ಯೋಚಿಸುವುದಿಲ್ಲ. ಪಟಾಕಿ, ಗುಡುಗು, ಗಣೇಶನ ಮೆರವಣಿಗೆಯ ತಮಟೆ, ಇವೆಲ್ಲ ಎಲ್ಲರಿಗೂ ಗೊತ್ತು. ಕರೆಂಟು ಹೋದಾಗ ಮೂಲೆಯಲ್ಲಿ ಕೂತು ಪೀಂ, ಪೀಂ ಅನ್ನುವ ಯುಪಿಎಸ್? ಕೀಚಲು ಸದ್ದು ನಮಗೆ ಸುಮಾರು 20,000 ಹರ್ಟ್ಸ್‌ವರೆಗೆ ಕೇಳಿಸಿದರೆ ನಾಯಿಗೆ ಸುಮಾರು 45,000ದವರೆಗೂ ಕೇಳಿಸುತ್ತದೆ. ಅಮೆರಿಕದ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಡೇವಿಸ್ ಕ್ಯಾಂಪಸ್ಸಿನವರು 2021ರಲ್ಲಿ ಮನೆಯ ಸದ್ದುಗಳಿಗೆ ನಾಯಿಗಳು ಹೇಗೆ ಪ್ರತಿಕ್ರಿಯಿಸುತ್ತವೆ ಅಂತ ನೋಡಿದರು. ವ್ಯಾಕ್ಯೂಮ್ ಕ್ಲೀನರ್‌ನಂಥ ಒಂದೇ ಸಮನೆ ಬರುವ ತಗ್ಗಿನ ಸದ್ದಿಗಿಂತ, ಬ್ಯಾಟರಿ ಮುಗಿದ ಹೊಗೆ ಅಲಾರಾಂ ಬಿಟ್ಟು ಬಿಟ್ಟು ಮಾಡುವ ಕೀಚಲು ಸದ್ದಿಗೆ ನಾಯಿಗಳು ಜಾಸ್ತಿ ಆತಂಕ ಪಡುತ್ತವೆ ಅಂತ ಕಂಡುಬಂತು. ಅದಕ್ಕಿಂತ ಮುಖ್ಯವಾದ್ದು, ನಾಯಿ ಹೆದರಿದೆ ಅನ್ನುವುದು ಎಷ್ಟೋ ಮಾಲೀಕರಿಗೆ ತಿಳಿದೇ ಇರಲಿಲ್ಲ. ವಿಡಿಯೋಗಳಲ್ಲಿ ಕೆಲವರು ಅದನ್ನು ನೋಡಿ ನಗುತ್ತಿದ್ದರು. ಯುಪಿಎಸ್ ಕೂಗಿದಾಗ ನಮ್ಮನೆಯವಳು ಎದ್ದು ಬಾತ್‌ರೂಮಿಗೆ ಹೋಗಿ ಕಮೋಡಿನ ಹಿಂದೆ ತೂರಿಕೊಳ್ಳುತ್ತಾಳೆ. ಎಲೆಕ್ಟ್ರಿಷಿಯನ್ ಕರೆಸಿ ಆ ಬೀಪ್ ಸದ್ದನ್ನು ನಿಲ್ಲಿಸಿದ್ದೇ ನಾನು ಅವಳಿಗೆ ಮಾಡಿದ ದೊಡ್ಡ ಉಪಕಾರ.

ಒಂಟಿಯಾಗಿದ್ದಾಗ ಆಗುವ ಆತಂಕದ್ದು ಬೇರೆಯೇ ಕಥೆ. 2020ರ ಲಾಕ್‌ಡೌನಿನಲ್ಲಿ ಬೆಂಗಳೂರಿನಲ್ಲಿ ಎಷ್ಟೋ ಮನೆಗೆ ನಾಯಿಮರಿ ಬಂತು. ಆ ಮರಿಗಳು ಇಪ್ಪತ್ತನಾಲ್ಕು ಗಂಟೆಯೂ ಮನೆಮಂದಿಯ ಕಾಲಬುಡದಲ್ಲೇ ಬೆಳೆದವು. ಆಮೇಲೆ ಆಫೀಸು ಶುರುವಾಯಿತು, ಮನೆ ಖಾಲಿಯಾಯಿತು, ಪಕ್ಕದ ಫ್ಲ್ಯಾಟಿನವರಿಂದ ದೂರು ಬರತೊಡಗಿತು. ನಾಯಿ ಊಳಿಟ್ಟರೆ ಅಪಶಕುನ, ಯಮದೂತರು ಕಂಡಿರಬೇಕು ಅಂತ ನಮ್ಮ ಅಜ್ಜಿ ಹೇಳುತ್ತಿದ್ದರು. ಎರಡನೇ ಮಹಡಿಯಲ್ಲಿ ಹಗಲು ಹನ್ನೊಂದಕ್ಕೆ ಊಳಿಡುವ ಲ್ಯಾಬ್ರಡಾರ್‌ಗೆ ಯಾರೂ ಕಂಡಿಲ್ಲ, ಅದೇ ಅದರ ತೊಂದರೆ.

ಬೇಜಾರಿಗೆ ಚಪ್ಪಲಿ ಕಡಿಯುವ ನಾಯಿಗೂ ಆತಂಕದ ನಾಯಿಗೂ ವ್ಯತ್ಯಾಸ ಹೇಗೆ ತಿಳಿಯುವುದು? ಹಳೆ ಫೋನಿನಲ್ಲಿ ವಿಡಿಯೋ ಆನ್ ಮಾಡಿಟ್ಟು ಹೋಗಿ. ಬೇಜಾರಿನ ನಾಯಿ ಮೊದಲು ಒಂದು ನಿದ್ದೆ ತೆಗೆದು, ಆಮೇಲೆ ಎದ್ದು ಆರಾಮಾಗಿ ಸೋಫಾ ಹರಿಯುತ್ತದೆ. ಆತಂಕದ ನಾಯಿಗೆ ನೀವು ಹೋದ ಮೊದಲ ಅರ್ಧ ಗಂಟೆಯೇ ಕಷ್ಟ. ಬಾಗಿಲಿಂದ ಕಿಟಕಿಗೆ, ಕಿಟಕಿಯಿಂದ ಬಾಗಿಲಿಗೆ ಓಡಾಟ, ಜೊಲ್ಲು, ಬಾಗಿಲ ಚೌಕಟ್ಟಿನಲ್ಲಿ ಉಗುರಿನ ಗೀರು, ಇಟ್ಟು ಹೋದ ಊಟ ಇಟ್ಟ ಹಾಗೇ. ಇನ್ನೂ ಕೆಲವಕ್ಕೆ ನೀವು ಬ್ಯಾಗು ಹೆಗಲಿಗೆ ಹಾಕುವ ಮೊದಲೇ, ಬೀಗದ ಕೈ ಸದ್ದಿಗೇ ನಡುಕ ಶುರು.

ಸಂಜೆ ಬಂದು ನೋಡಿದರೆ ಮನೆ ರಣರಂಗ, ನಾಯಿ ಮೂಲೆಯಲ್ಲಿ ತಲೆ ತಗ್ಗಿಸಿದೆ. "ತಪ್ಪು ಮಾಡಿದ್ದು ಗೊತ್ತು ಕಳ್ಳಂಗೆ" ಅಂತ ಇನ್ನೆರಡು ಬೈಗುಳ. 2009ರಲ್ಲಿ ನಾಯಿಗಳ ವರ್ತನೆ ಅಧ್ಯಯನ ಮಾಡುವ ಅಮೆರಿಕದ ವಿಜ್ಞಾನಿ ಅಲೆಕ್ಸಾಂಡ್ರಾ ಹೊರೊವಿಟ್ಜ್ ಇದನ್ನೇ ಪರೀಕ್ಷಿಸಿದರು. ನಾಯಿ ನಿಜವಾಗಿ ತಿಂಡಿ ಕದ್ದಿತ್ತೋ ಇಲ್ಲವೋ ಅನ್ನುವುದಕ್ಕೂ ಆ ತಪ್ಪಿತಸ್ಥ ಮುಖಕ್ಕೂ ಸಂಬಂಧವೇ ಇರಲಿಲ್ಲ. ಮಾಲೀಕರು ಬೈದಾಗ ಆ ಮುಖ ಬರುತ್ತಿತ್ತು, ಅಷ್ಟೇ. ತಪ್ಪೇ ಮಾಡದೆ ಬೈಸಿಕೊಂಡ ನಾಯಿಗಳು ಇನ್ನೂ ಜಾಸ್ತಿ ಆ ಮುಖ ಮಾಡಿದವು. ಅಂದರೆ ಅದು ಪಶ್ಚಾತ್ತಾಪ ಅಲ್ಲ, ನಿಮ್ಮ ಸಿಟ್ಟಿನ ಭಯ. ಮೊದಲೇ ಆತಂಕದಲ್ಲಿದ್ದ ನಾಯಿಗೆ ನೀವು ಮನೆಗೆ ಬರುವುದೂ ಹೆದರಿಕೆಯ ವಿಷಯವಾದರೆ ಅದು ಇನ್ನೆಲ್ಲಿಗೆ ಹೋಗಬೇಕು?

ವಯಸ್ಸಾದ ನಾಯಿ ಇದ್ದಕ್ಕಿದ್ದಂತೆ ಸದ್ದಿಗೆ ಹೆದರತೊಡಗಿದರೆ ನೋವಿನ ಬಗ್ಗೆ ಯೋಚಿಸಿ. ಇಂಗ್ಲೆಂಡಿನ ಲಿಂಕನ್ ವಿಶ್ವವಿದ್ಯಾಲಯದವರ 2018ರ ಅಧ್ಯಯನದಲ್ಲಿ, ಕೀಲು ಸ್ನಾಯುಗಳ ನೋವಿದ್ದ ನಾಯಿಗಳಲ್ಲಿ ಸದ್ದಿನ ಭಯ ಜೀವನದಲ್ಲಿ ತಡವಾಗಿ ಶುರುವಾಗಿತ್ತು. ಸದ್ದಿಗೆ ಬೆಚ್ಚಿದಾಗ ಮೈ ಬಿಗಿಯುತ್ತದೆ, ಬಿಗಿದಾಗ ನೋಯುತ್ತದೆ, ಆಮೇಲೆ ಸದ್ದು ಅಂದ್ರೆ ನೋವು ಅಂತ ತಲೆಯಲ್ಲಿ ಕೂರುತ್ತದೆ ಅನ್ನುವುದು ಅವರ ಊಹೆ. ನಮ್ಮಲ್ಲಿ ಉಣ್ಣೆ ಕಚ್ಚಿ ಬರುವ ಟಿಕ್ ಫೀವರ್ ಬೇರೆ ಇದೆ. ಊಟ ಬಿಟ್ಟು, ಮಂಕಾಗಿ, ಮೂಲೆ ಸೇರಿದ ನಾಯಿಗೆ ಮನಸ್ಸು ಸರಿ ಇಲ್ಲ ಅಂತ ಮನೆಯಲ್ಲೇ ತೀರ್ಮಾನ ಮಾಡಿ ದಿನ ಕಳೆಯಬೇಡಿ. ಮೊದಲು ರಕ್ತಪರೀಕ್ಷೆ ಮಾಡಿಸಿ.

ಮಕ್ಕಳಿರುವ ಮನೆಗೆ ಒಂದು ಸುಲಭದ ಉಪಾಯ. ಪಕ್ಕದ ಮನೆ ಪುಟ್ಟಿಗೆ ನಾನು ಕಲಿಸಿದ್ದು ಇದು. ತಬ್ಬಿಕೊಳ್ಳಬಾರದು, ತಲೆ ಮೇಲೆ ಕೈ ಹಾಕಬಾರದು. ಕೆಂಚಿಯೇ ಹತ್ತಿರ ಬಂದರೆ ಎದೆಯನ್ನೋ ಕತ್ತಿನ ಪಕ್ಕವನ್ನೋ ಮೂರು ಎಣಿಸುವಷ್ಟು ಹೊತ್ತು ಸವರಿ ಕೈ ತೆಗೆಯಬೇಕು. ಒರಗಿದರೆ, ಮೂತಿಯಿಂದ ಕೈ ತಳ್ಳಿದರೆ ಇನ್ನೂ ಬೇಕು ಅಂತ. ಸುಮ್ನೆ ನಿಂತರೆ, ಮುಖ ತಿರುಗಿಸಿದರೆ ಸಾಕು ಅಂತ. ಈಗ ಆ ಪುಟ್ಟಿ ದೊಡ್ಡವರಿಗೆಲ್ಲ ಪಾಠ ಮಾಡುತ್ತಾಳೆ. "ಮಾಮ, ಕೆಂಚಿಗೆ ಬೇಡ್ವಂತೆ, ಕೈ ತೆಗೀರಿ" ಅಂತ ಅವಳು ಹೇಳಿದಾಗ ನಗದವರಿಲ್ಲ, ಆದರೆ ಕೈ ತೆಗೆಯುತ್ತಾರೆ.

ಇನ್ನು ದೀಪಾವಳಿ. ಪಟಾಕಿ ರಾತ್ರಿ ಎಂಟರಿಂದ ಹತ್ತರವರೆಗೆ ಮಾತ್ರ ಅಂತ ಸುಪ್ರೀಂ ಕೋರ್ಟ್ 2018ರಲ್ಲೇ ಹೇಳಿದೆ. ನಮ್ಮ ಬೀದಿಗೆ ಆ ಸುದ್ದಿ ಇನ್ನೂ ತಲುಪಿಲ್ಲ. ನರಕ ಚತುರ್ದಶಿಯ ಬೆಳಗಿನ ಜಾವಕ್ಕೇ ಸರಪಟಾಕಿ ಶುರು. ಆ ದಿನಗಳಲ್ಲಿ ಕೆಂಚಿಯ ವಾಕಿಂಗ್ ಬೆಳಕಿರುವಾಗಲೇ ಮುಗಿಯುತ್ತದೆ. ಬೆಲ್ಟಿನ ಮೇಲೆ ನನ್ನ ಫೋನ್ ನಂಬರ್ ಇದೆ, ಬೆಲ್ಟಿನ ಜೊತೆಗೆ ಎದೆ ಸುತ್ತ ಕಟ್ಟುವ ಹಾರ್ನೆಸ್ ಕೂಡ ಹಾಕುತ್ತೇನೆ. ಸದ್ದಿಗೆ ಬೆದರಿದ ನಾಯಿ ಬೆಲ್ಟಿನಿಂದ ತಲೆ ಜಾರಿಸಿಕೊಂಡು ಓಡಿದರೆ ಯಾವ ಏರಿಯಾದಲ್ಲಿ ಸಿಗುತ್ತದೋ ದೇವರಿಗೇ ಗೊತ್ತು. ಸಂಜೆಗೆ ಕಿಟಕಿ ಮುಚ್ಚಿ, ದಪ್ಪ ಪರದೆ ಎಳೆದು, ಫ್ಯಾನ್ ಜೋರು ಮಾಡಿ ಟಿವಿ ಹಾಕುತ್ತೇನೆ. ಬಾತ್‌ರೂಮಿನಲ್ಲಿ ಅವಳ ಮೂಲೆಗೆ ಹಳೆ ಕಂಬಳಿ. ಅಲ್ಲಿಂದ ಎಳೆದು ಹೊರಗೆ ತರುವುದಿಲ್ಲ, ಅವಳು ಆರಿಸಿಕೊಂಡ ಜಾಗ ಅದು. ಹೆದರಿದಾಗ ಸಮಾಧಾನ ಮಾಡಿದರೆ ಭಯ ಜಾಸ್ತಿಯಾಗುತ್ತೆ ಅಂತ ಹೇಳುವವರು ಇನ್ನೂ ಇದ್ದಾರೆ. ಅದನ್ನು ನಂಬಬೇಡಿ. ಭಯ ಅನ್ನುವುದು ಬಿಸ್ಕತ್ತಿನ ಆಸೆಗೆ ಕಲಿಯುವ ಆಟ ಅಲ್ಲ. ಒರಗಿ ಕೂತರೆ ಕೂರಿಸಿಕೊಳ್ಳಿ.

ಪಟಾಕಿ ಸದ್ದಿನ ರೆಕಾರ್ಡಿಂಗನ್ನು ಕೇಳಿಸಿಯೂ ಕೇಳಿಸದಷ್ಟು ಸಣ್ಣಗೆ ಹಾಕಿ, ಜೊತೆಗೆ ಏನಾದರೂ ರುಚಿಯಾದ್ದು ಕೊಟ್ಟು, ವಾರಗಟ್ಟಲೆ ನಿಧಾನವಾಗಿ ಏರಿಸುತ್ತಾ ಅಭ್ಯಾಸ ಮಾಡಿಸುವ ಕ್ರಮ ಇದೆ. ಕೆಲಸ ಮಾಡುತ್ತದೆ. ಆದರೆ ಹಬ್ಬದ ಹಿಂದಿನ ವಾರ ನೆನಪಾದರೆ ಪ್ರಯೋಜನ ಇಲ್ಲ, ತಿಂಗಳುಗಳ ಮೊದಲೇ ಶುರು ಮಾಡಬೇಕು. ಏರಿಸುವಾಗ ಎಲ್ಲಾದರೂ ನಾಲಿಗೆ ಹೊರಗೆ ಬಂತೋ, ಅಲ್ಲಿಂದ ಒಂದು ಹೆಜ್ಜೆ ಹಿಂದಕ್ಕೆ.

ಭಯ ತೀರಾ ಜಾಸ್ತಿ ಇರುವ ನಾಯಿಗೆ ಔಷಧಿ ಕೊಡಿಸಲು ಹಿಂಜರಿಯಬೇಡಿ. ಟ್ರಾಜೊಡೋನ್, ಗ್ಯಾಬಾಪೆಂಟಿನ್‌ನಂಥವನ್ನು ವೈದ್ಯರು ಇದಕ್ಕೆ ಬರೆದುಕೊಡುತ್ತಾರೆ. ಪಟಾಕಿ ಶುರುವಾಗುವ ಮೊದಲೇ ಕೊಡಬೇಕು, ನಡುಗತೊಡಗಿದ ಮೇಲೆ ಕೊಟ್ಟರೆ ಅಷ್ಟು ಉಪಯೋಗ ಇಲ್ಲ. ಒಂಟಿತನದ ಆತಂಕಕ್ಕೆ ಕೊಡುವ ಫ್ಲುಓಕ್ಸೆಟಿನ್ ಕೆಲಸ ತೋರಿಸಲು ವಾರಗಳೇ ಬೇಕು. ಅಸೆಪ್ರೊಮಾಜಿನ್ ಅಂತ ಒಂದು ಹಳೇ ಮಾತ್ರೆ ಇದೆ. ಅದು ಮೈಯನ್ನು ಮಲಗಿಸುತ್ತದೆ, ಒಳಗಿನ ಭಯವನ್ನು ಇಳಿಸುವುದಿಲ್ಲ. ಅದನ್ನೊಂದನ್ನೇ ಬರೆದುಕೊಟ್ಟರೆ ಬೇರೆ ಏನಾದರೂ ಇದೆಯಾ ಅಂತ ಕೇಳಿ. ಮನೆಯಲ್ಲಿ ನಿಮಗಾಗಿ ತಂದಿಟ್ಟ ನಿದ್ದೆ ಮಾತ್ರೆ, ಪ್ಯಾರಾಸಿಟಮಾಲ್ ಯಾವುದನ್ನೂ ಅಂದಾಜಿನ ಮೇಲೆ ಕೊಡಬೇಡಿ.

ವೈದ್ಯರ ಹತ್ತಿರ ಹೋಗುವಾಗ ಮನೆಯ ವಿಡಿಯೋ ತೆಗೆದುಕೊಂಡು ಹೋಗಿ. ಕ್ಲಿನಿಕ್ಕಿನ ಮೇಜಿನ ಮೇಲೆ ಎಲ್ಲ ನಾಯಿಯೂ ಸೆಟೆದು ನಿಂತಿರುತ್ತದೆ, ಅದನ್ನು ನೋಡಿ ಅವರಿಗೆ ಏನೂ ತಿಳಿಯುವುದಿಲ್ಲ. ನೀವು ಮನೆಯಲ್ಲಿ ಇಲ್ಲದಾಗಿನದ್ದು, ಯುಪಿಎಸ್ ಕೂಗಿದಾಗಿನದ್ದು, ಮತ್ತೆ ಯಾವ ತೊಂದರೆಯೂ ಇಲ್ಲದೆ ಬಿಸಿಲಲ್ಲಿ ಕಾಲು ಚಾಚಿ ಮಲಗಿದ್ದಾಗಿನದ್ದು ಒಂದೊಂದು ನಿಮಿಷ ಇದ್ದರೆ ಸಾಕು. ಮುಖ, ಕಿವಿ, ಬಾಲ ಮೂರೂ ಒಟ್ಟಿಗೆ ಕಾಣುವ ಹಾಗೆ ಫೋನ್ ಅಡ್ಡ ಹಿಡಿದು ತೆಗೆಯಿರಿ, ಹಿಂದೆ ಟಿವಿ ಸದ್ದು ಬೇಡ.